ವಕಾಲತ್ತು ಹಾಕಿದ ಮೇಲೆ: ಅಲಕ್ಷ್ಯ ಮತ್ತು ವಕೀಲರ ವೃತ್ತಿಶಿಸ್ತು



ದತ್ತಿ ಉಪನ್ಯಾಸಕ್ಕೆ ಸಂವಿಧಾನ, ಮೂಲಭೂತ ಹಕ್ಕು, ನ್ಯಾಯಾಂಗದ ಸ್ವಾತಂತ್ರ್ಯ ಮುಂತಾದ ದೊಡ್ಡ ವಿಷಯಗಳನ್ನು ಆರಿಸಿಕೊಳ್ಳುವುದು ವಾಡಿಕೆ. ನಾನು ಆರಿಸಿಕೊಂಡದ್ದು ಬಾರ್ ರೂಮಿನಲ್ಲಿ ಯಾರೂ ದನಿ ಎತ್ತಿ ಮಾತಾಡದ ವಿಷಯ. ಕಕ್ಷಿದಾರನಿಂದ ಫೀಸು ಪಡೆದು, ವಕಾಲತ್ತು ಹಾಕಿ, ಆಮೇಲೆ ಆ ಕೇಸಿನ ಕಡೆ ತಿರುಗಿ ನೋಡದ ವಕೀಲರನ್ನು ಏನು ಮಾಡಬೇಕು ಎಂಬುದು. ಕಕ್ಷಿದಾರನ ಹಣ ನುಂಗಿದವರ ಬಗ್ಗೆ, ನಕಲಿ ದಾಖಲೆ ಸೃಷ್ಟಿಸಿದವರ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯ ಇಲ್ಲ. ಅವರ ಸನ್ನದು ಹೋಗಬೇಕು, ಹೋಗುತ್ತದೆ. ಅಲಕ್ಷ್ಯದ ಮಾತು ಬಂದರೆ ಮಾತ್ರ ಎಲ್ಲರೂ ಚಹಾ ತರಿಸುತ್ತಾರೆ. ‘ಯಾರಿಗೆ ಆಗೋದಿಲ್ಲ ಹೇಳಿ ಸ್ವಾಮಿ, ಒಂದು ತಾರೀಕು ತಪ್ಪೋದು’ ಎಂದು ಹಿರಿಯರೊಬ್ಬರು ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ತಾರೀಕು ಹೇಗೆ ತಪ್ಪುತ್ತದೆ ಎಂಬುದನ್ನು ಮೊದಲು ನೋಡೋಣ. ಇಲ್ಲಿರುವ ವಿದ್ಯಾರ್ಥಿಗಳಿಗೆ ಇದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ವಕೀಲರ ಕಚೇರಿಯ ಜೀವ ಇರುವುದು ಡೈರಿಯಲ್ಲಿ. ಒಂದು ಪುಟ ಎಂದರೆ ಒಂದು ದಿನ. ಅದರಲ್ಲಿ ಹಿಂದಿನ ತಾರೀಕು, ಕೇಸಿನ ನಂಬರು, ಪಕ್ಷಗಾರರ ಹೆಸರು, ಯಾವ ಹಂತ, ಮುಂದಿನ ತಾರೀಕು ಎಂದು ಸಾಲುಗಳು. ಜೂನಿಯರ್ ಬೆಳಗ್ಗೆ ಮೂರು ಕೋರ್ಟ್ ಹಾಲುಗಳ ನಡುವೆ ಓಡಾಡುತ್ತಾನೆ. ಒಂದು ಕಡೆ ಸಾಕ್ಷಿಗೆ, ಇನ್ನೊಂದು ಕಡೆ ಆಕ್ಷೇಪಣೆಗೆ, ಮತ್ತೊಂದು ಕಡೆ ಸುಮ್ಮನೆ ಸಮಯ ಕೇಳುವುದಕ್ಕೆ. ಬೆಂಚ್ ಕ್ಲರ್ಕ್ ಹೇಳಿದ ತಾರೀಕನ್ನು ಕಾಸ್ ಲಿಸ್ಟಿನ ಅಂಚಿನಲ್ಲಿ ಗೀಚಿಕೊಳ್ಳುತ್ತಾನೆ. ಸಂಜೆ ಆ ಕಾಗದ ಕೋಟಿನ ಜೇಬಿನಲ್ಲೇ ಉಳಿದರೆ ಕೇಸು ಡೈರಿಯಿಂದ ಬಿದ್ದುಹೋಯಿತು ಎಂದೇ ಅರ್ಥ. ಇನ್ನೊಂದು ದಾರಿಯೂ ಇದೆ. ತಾಲ್ಲೂಕಿನಲ್ಲಿ ಹೆಚ್ಚುವರಿ ನ್ಯಾಯಾಲಯ ಶುರುವಾಗುತ್ತದೆ, ಒಂದಷ್ಟು ಕಡತಗಳು ಅಲ್ಲಿಗೆ ವರ್ಗವಾಗುತ್ತವೆ. ವಕೀಲರು ಹಳೆಯ ಹಾಲಿನಲ್ಲಿ ಕರೆಗಾಗಿ ಕಾಯುತ್ತಾರೆ, ಕೇಸು ಪಕ್ಕದ ಕಟ್ಟಡದಲ್ಲಿ ಕರೆಯಲ್ಪಡುತ್ತದೆ.

ಅಲ್ಲಿ ನಡೆಯುವುದಿಷ್ಟೇ. ಬೆಳಗ್ಗೆ ಒಮ್ಮೆ ಕರೆಯುತ್ತಾರೆ, ಯಾರೂ ಇಲ್ಲ. ಪಾಸ್ ಓವರ್. ಊಟದ ನಂತರ ಮತ್ತೊಮ್ಮೆ ಕರೆಯುತ್ತಾರೆ, ಆಗಲೂ ಯಾರೂ ಇಲ್ಲ. ಆರ್ಡರ್ ಶೀಟಿನಲ್ಲಿ ಎರಡು ಸಾಲು: ವಾದಿ ಗೈರು, ವಕೀಲರು ಗೈರು, ದಾವೆ ಗೈರುಹಾಜರಿಗಾಗಿ ವಜಾ. ಆ ಎರಡು ಸಾಲಿನ ಹಿಂದೆ ಎಷ್ಟೋ ಸಲ ಎಂಟು ವರ್ಷದ ಓಡಾಟ ಇರುತ್ತದೆ. ಆ ಹೊತ್ತಿಗೆ ವಾದಿ ತನ್ನ ಹೊಲದಲ್ಲೋ ಅಂಗಡಿಯಲ್ಲೋ ಇರುತ್ತಾನೆ. ‘ಮುಂದಿನ ತಿಂಗಳು ಬಾ, ನಾವೇ ಫೋನ್ ಮಾಡ್ತೀವಿ’ ಎಂದು ಗುಮಾಸ್ತರು ಹೇಳಿ ಕಳಿಸಿರುತ್ತಾರೆ.

ಇಲ್ಲಿಯವರೆಗೆ ಆದದ್ದು ತಪ್ಪು. ಈ ತಪ್ಪಿಗೆ ಕಾನೂನಿನಲ್ಲಿ ಮದ್ದಿದೆ ಎಂಬುದನ್ನು ಗಮನಿಸಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದಡಿ, ಗೈರುಹಾಜರಿಗೆ ಸಾಕಷ್ಟು ಕಾರಣ ತೋರಿಸಿದರೆ ವಜಾ ಆದ ದಾವೆಯನ್ನು ಪುನಃ ಕಡತಕ್ಕೆ ತರಿಸಿಕೊಳ್ಳಬಹುದು. ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಿಕೊಳ್ಳಬಹುದು. ಕಾಲಮಿತಿ ಅಧಿನಿಯಮ ಇವೆರಡಕ್ಕೂ 30 ದಿನ ಕೊಟ್ಟಿದೆ. ಆ 30 ದಿನದೊಳಗೆ ವಕೀಲರು ಕಕ್ಷಿದಾರನಿಗೆ ಫೋನು ಮಾಡಿ, ‘ತಪ್ಪಿಹೋಯಿತು, ಬಂದು ಅಫಿಡವಿಟ್‌ಗೆ ಸಹಿ ಹಾಕಿ’ ಎಂದರೆ ಹತ್ತರಲ್ಲಿ ಒಂಬತ್ತು ಕೇಸು ಉಳಿಯುತ್ತವೆ ಎಂಬುದು ಇಲ್ಲಿ ಕೂತಿರುವ ಪ್ರತಿಯೊಬ್ಬ ವಕೀಲರಿಗೂ ಗೊತ್ತು. ಸ್ವಲ್ಪ ಖರ್ಚು ಹಾಕಿಸಿಕೊಂಡು ನ್ಯಾಯಾಧೀಶರು ಅನುಮತಿಸುತ್ತಾರೆ. ಆ ಫೋನು ಹೋಗದಿದ್ದರೆ? ‘ಆರ್ಗ್ಯುಮೆಂಟ್‌ಗೆ ಇದೆ’ ಎಂದು ಒಂದು ವರ್ಷ, ‘ಜಡ್ಜ್ ವರ್ಗ ಆದರು’ ಎಂದು ಇನ್ನೊಂದು ವರ್ಷ. ಕೊನೆಗೆ ಕಕ್ಷಿದಾರನೇ ಕಾಪಿಯಿಸ್ಟ್ ಸೆಕ್ಷನ್ನಿಗೆ ಹೋಗಿ ನಕಲು ತೆಗೆಸಿದಾಗ, ಕೇಸು ಸತ್ತು ಮೂರು ವರ್ಷವಾಗಿದೆ ಎಂದು ತಿಳಿಯುತ್ತದೆ.

ನನ್ನ ವಾದ ಇಷ್ಟು: ವೃತ್ತಿಶಿಸ್ತಿನ ಕಣ್ಣು ತಪ್ಪಿದ ತಾರೀಕಿಗಿಂತ ಹೆಚ್ಚಾಗಿ, ತಪ್ಪಿದ ಮೇಲೆ ವಕೀಲರು ಏನು ಮಾಡಿದರು ಎಂಬುದರ ಮೇಲೆ ಬೀಳಬೇಕು. ಮುಚ್ಚಿಟ್ಟದ್ದೇ ಅಪರಾಧ. ಇದು ನಾನು ಹೊಸದಾಗಿ ಹೊಸೆದ ತತ್ವವೇನೂ ಅಲ್ಲ. ನಮ್ಮ ಕಾನೂನಿನ ಒಳಗೇ ಇದೆ, ನಾವು ಹೆಕ್ಕಿ ತೆಗೆದಿಲ್ಲ ಅಷ್ಟೆ.

1961ರ ವಕೀಲರ ಅಧಿನಿಯಮದ 35ನೇ ಕಲಮು ‘ವೃತ್ತಿಯ ಅಥವಾ ಇತರ ದುರ್ನಡತೆ’ ಎಂದಿಷ್ಟೇ ಹೇಳುತ್ತದೆ. ಯಾವುದು ದುರ್ನಡತೆ ಎಂದು ಪಟ್ಟಿ ಮಾಡುವುದಿಲ್ಲ. ದೂರು ಬಂದಾಗ, ಅಥವಾ ದೂರು ಇಲ್ಲದೆ ಸ್ವತಃ ತಿಳಿದಾಗಲೂ, ರಾಜ್ಯ ವಕೀಲರ ಪರಿಷತ್ತು ಅದನ್ನು ಶಿಸ್ತು ಸಮಿತಿಗೆ ಒಪ್ಪಿಸಬಹುದು. ಸಮಿತಿಯಲ್ಲಿ ಮೂವರು: ಇಬ್ಬರು ಪರಿಷತ್ತಿನ ಸದಸ್ಯರು, ಒಬ್ಬರು ಹೊರಗಿನ ಹಿರಿಯ ವಕೀಲರು. ಮೂವರೂ ವಕೀಲರೇ. ದೂರನ್ನು ವಜಾ ಮಾಡಬಹುದು, ಛೀಮಾರಿ ಹಾಕಬಹುದು, ಇಷ್ಟು ಕಾಲ ಎಂದು ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಅದರ ಮೇಲೆ ಭಾರತೀಯ ವಕೀಲರ ಪರಿಷತ್ತಿಗೆ ಮೇಲ್ಮನವಿ, ಅಲ್ಲಿಂದ ನೇರವಾಗಿ ಸುಪ್ರೀಂ ಕೋರ್ಟಿಗೆ. ಎರಡಕ್ಕೂ 60 ದಿನ. ಸನ್ನದಿನ ಮೇಲೆ ಕೈಯಿಡುವ ಅಧಿಕಾರ ಈ ಸಮಿತಿಗಳದ್ದೇ. ನ್ಯಾಯಾಂಗ ನಿಂದನೆಯ ಶಿಕ್ಷೆಯಾಗಿ ತಾನೂ ವಕೀಲರ ಸನ್ನದನ್ನು ಅಮಾನತು ಮಾಡಲಾಗದು ಎಂದು ಸುಪ್ರೀಂ ಕೋರ್ಟೇ 1998ರಲ್ಲಿ ಹೇಳಿತು.

ಹಾಗಾದರೆ ಅಲಕ್ಷ್ಯ ದುರ್ನಡತೆಯೇ? 1963ರಲ್ಲಿ ‘ಪಿ’ ಎಂಬ ಅಕ್ಷರದಿಂದ ಮಾತ್ರ ಗುರುತಿಸಲಾದ ಒಬ್ಬ ವಕೀಲರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗೆರೆ ಎಳೆಯಿತು. ಬರೀ ಅಜಾಗರೂಕತೆ, ತೀರ್ಮಾನದಲ್ಲಾದ ತಪ್ಪು ಇವು ದುರ್ನಡತೆಯಾಗಲಾರವು. ಮನುಷ್ಯರ ಕೆಲಸದಲ್ಲಿ ಇವು ಇದ್ದದ್ದೇ. ಅಲಕ್ಷ್ಯ ಘೋರವಾಗಿದ್ದರೆ ಮಾತು ಬೇರೆ. ಅದರಲ್ಲಿ ನೈತಿಕ ಅಧಃಪತನ ಇದೆಯೇ ಎಂದು ನೋಡಬೇಕಾಗುತ್ತದೆ. ಅಂದಿನಿಂದ ಇಂದಿನವರೆಗೆ ಶಿಸ್ತು ಸಮಿತಿಗಳು ಈ ಗೆರೆಯ ಮೇಲೇ ನಿಂತಿವೆ. ಅದರ ಜೊತೆಗೆ, ಈ ವಿಚಾರಣೆ ಅರೆ-ಕ್ರಿಮಿನಲ್ ಸ್ವರೂಪದ್ದು, ಆರೋಪ ಬಲವಾಗಿ ಸಾಬೀತಾಗಬೇಕು, ಸಂಶಯದ ಲಾಭ ವಕೀಲರಿಗೇ ಸಿಗಬೇಕು ಎಂಬ ತತ್ವವೂ ಸೇರಿದೆ. ಎರಡೂ ಸರಿಯೇ. ಆದರೆ ಎರಡೂ ಸೇರಿ ಆಗಿರುವ ಫಲವೇನೆಂದರೆ, ಕಕ್ಷಿದಾರ ಸಮಿತಿಯ ಮುಂದೆ ಬಂದು ‘ನನ್ನ ಕೇಸು ವಜಾ ಆಯಿತು’ ಎಂದರೆ, ‘ಅದು ಅಜಾಗರೂಕತೆ, ದುರ್ನಡತೆ ಅಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ವಜಾ ಆದ ದಿನದಿಂದ ಕಕ್ಷಿದಾರನಿಗೆ ತಿಳಿದ ದಿನದವರೆಗೆ ವಕೀಲರು ಏನು ಹೇಳುತ್ತಿದ್ದರು ಎಂದು ಕೇಳುವವರು ಕಡಿಮೆ. ಸಾಧಾರಣ ಅಲಕ್ಷ್ಯ ಅಧಃಪತನವಾಗಿ ತಿರುಗುವುದು ಸರಿಯಾಗಿ ಆ ಅವಧಿಯಲ್ಲೇ.

ಇದಕ್ಕೆ ನನಗೆ ತಿಳಿದ ಅತ್ಯಂತ ಸ್ಪಷ್ಟ ಉದಾಹರಣೆ ನೆರೆಯ ತಮಿಳುನಾಡಿನದು. 1979ರ ಕಾನೂನು ವರದಿಗಳಲ್ಲಿದೆ. ಕಿವಿ ಕೇಳದ ಒಬ್ಬ ವೃದ್ಧರು ಮತ್ತು ಅವರ ಬಂಧು, ವಯಸ್ಸಾದ ಒಬ್ಬ ವಿಧವೆ. ಇಬ್ಬರ ಕೈಯಲ್ಲಿ ಎರಡು ಪ್ರಾಮಿಸರಿ ನೋಟುಗಳು, ಒಂದು 15,000 ರೂಪಾಯಿಯದು, ಇನ್ನೊಂದು 5,000ದ್ದು. ವಸೂಲಿಗೆ ದಾವೆ ಹಾಕಲು ಒಬ್ಬ ವಕೀಲರಿಗೆ ಕಾಗದ ಕೊಟ್ಟರು, ಕೋರ್ಟು ಶುಲ್ಕದ ಹಣ ಕೊಟ್ಟರು. ದಾವೆ ದಾಖಲಾಗಲೇ ಇಲ್ಲ. ಆದರೂ ದಾಖಲಾಗಿದೆ ಎಂದು ವಕೀಲರು ಹೇಳುತ್ತ ಬಂದರು, ಸುಳ್ಳು ತಾರೀಕುಗಳನ್ನೂ ಕೊಟ್ಟರು. ಅಷ್ಟರಲ್ಲಿ ಕಾಲಮಿತಿ ಮೀರಿತು. ರಾಜ್ಯ ಪರಿಷತ್ತು ಆರು ವರ್ಷ ಅಮಾನತು ಮಾಡಿತು. ಭಾರತೀಯ ಪರಿಷತ್ತು ಅದನ್ನು ಒಂದು ವರ್ಷಕ್ಕೆ ಇಳಿಸಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಶಿಕ್ಷೆಯ ಸ್ವರೂಪವನ್ನೇ ಬದಲಿಸಿದರು: ಅಮಾನತಿನ ಅವಧಿಯನ್ನು ಇನ್ನಷ್ಟು ಮೊಟಕುಗೊಳಿಸಿ, ವಕೀಲರು ನೊಂದವರಿಗೆ ಹಣ ಕಟ್ಟಿಕೊಡಬೇಕು, ಒಂದು ವರ್ಷ ಬಡವರಿಗೆ ಉಚಿತ ಕಾನೂನು ನೆರವಿನ ಕೆಲಸ ಮಾಡಬೇಕು ಎಂದರು. ನ್ಯಾಯಮೂರ್ತಿ ಎ.ಪಿ. ಸೇನ್ ಒಪ್ಪಲಿಲ್ಲ. ಕಾಯ್ದೆಯಲ್ಲಿ ಇಲ್ಲದ ಶಿಕ್ಷೆಯನ್ನು ನಾವು ಸೃಷ್ಟಿಸಲಾಗದು, ಇಂಥ ನಡತೆಗೆ ಕನಿಕರವೂ ಸಲ್ಲದು ಎಂಬುದು ಅವರ ನಿಲುವು.

ಇಷ್ಟು ವರ್ಷಗಳ ಮೇಲೂ ಆ ಎರಡು ಅಭಿಪ್ರಾಯಗಳನ್ನು ಓದಿದಾಗ ನನ್ನ ಮನಸ್ಸು ಒಮ್ಮೆ ಇತ್ತ, ಒಮ್ಮೆ ಅತ್ತ. ವಂಚಿಸಿದವರನ್ನು ಬಡವರ ಕೇಸು ನಡೆಸಲು ಕಳಿಸುವುದು ಬಡವರಿಗೆ ಕೊಡುವ ಯಾವ ಗೌರವ ಎಂಬ ಪ್ರಶ್ನೆ ಏಳುತ್ತದೆ. ಆದರೆ ಕೃಷ್ಣ ಅಯ್ಯರ್ ಅವರು ಕಂಡ ಒಂದು ಸತ್ಯವನ್ನು ನಮ್ಮ ಕಾಯ್ದೆ ಇವತ್ತಿಗೂ ಕಂಡಿಲ್ಲ. ವಕೀಲರನ್ನು ಅಮಾನತಿನಲ್ಲಿ ಮನೆಗೆ ಕಳಿಸಿದರೆ ಆ ವೃದ್ಧರಿಗೆ ಸಿಗುವುದೇನು? 35ನೇ ಕಲಮಿನಡಿ ಒಂದು ರೂಪಾಯಿ ಪರಿಹಾರ ಕೊಡಿಸುವ ಅಧಿಕಾರವೂ ಸಮಿತಿಗಿಲ್ಲ.

ಹಾಗಾದರೆ ಪರಿಹಾರ ಎಲ್ಲಿ? ಒಂದು ಕಾಲಕ್ಕೆ ಗ್ರಾಹಕ ವೇದಿಕೆ ಇತ್ತು. ವಕೀಲರ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2007ರಲ್ಲಿ ತೀರ್ಪು ಕೊಟ್ಟಿತು. ವಕೀಲ ಸಂಘಗಳು ಸುಪ್ರೀಂ ಕೋರ್ಟಿಗೆ ಹೋದವು. 2024ರ ಮೇ 14ರಂದು ನ್ಯಾಯಮೂರ್ತಿಗಳಾದ ಬೇಲಾ ತ್ರಿವೇದಿ ಮತ್ತು ಪಂಕಜ್ ಮಿಥಲ್ ಅವರ ಪೀಠ ಆ ಬಾಗಿಲನ್ನು ಮುಚ್ಚಿತು. ವಕೀಲರು ಕಕ್ಷಿದಾರನ ಹತೋಟಿಯಲ್ಲಿ ಕೆಲಸ ಮಾಡುವವರು, ಈ ವೃತ್ತಿ ವ್ಯಾಪಾರ ಅಲ್ಲ ಎಂಬುದು ಅದರ ತರ್ಕ. ನಮ್ಮ ಬಾರ್ ರೂಮುಗಳಲ್ಲಿ ಅಂದು ಸಿಹಿ ಹಂಚಿದವರಿದ್ದಾರೆ. ಅದೇ ತೀರ್ಪಿನಲ್ಲಿ, ವೃತ್ತಿಪರರು ತಮ್ಮ ದುರ್ನಡತೆಗೆ ಹೊಣೆಯೇ ಅಲ್ಲ ಎಂದು ಇದನ್ನು ಓದಬಾರದು ಎಂಬ ಎಚ್ಚರಿಕೆಯೂ ಇದೆ. ಸಿಹಿ ತಿನ್ನುವಾಗ ಆ ಭಾಗ ಓದಿದವರು ಕಾಣೆ.

ಉಳಿದಿರುವುದು ಸಿವಿಲ್ ದಾವೆ. 1926ರ ಲೀಗಲ್ ಪ್ರಾಕ್ಟೀಷನರ್ಸ್ (ಫೀಸ್) ಆ್ಯಕ್ಟ್ ಎಂಬ ಒಂದು ಪುಟ್ಟ ಕಾಯ್ದೆ ಇದೆ. ವಕೀಲರಾಗಿರುವುದೊಂದೇ ಕಾರಣಕ್ಕೆ, ಅಲಕ್ಷ್ಯದಿಂದಾದ ನಷ್ಟದ ಹೊಣೆಯಿಂದ ಯಾರೂ ತಪ್ಪಿಸಿಕೊಳ್ಳಲಾಗದು ಎಂದು ಅದರ 5ನೇ ಕಲಮು ಹೇಳುತ್ತದೆ. ಕರ್ನಾಟಕದಿಂದಲೇ ಇಂಥ ಒಂದು ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ 1988ರಲ್ಲಿ ತೀರ್ಮಾನವಾಯಿತು. ತನ್ನ ವಕೀಲರು ಸರಿಯಾಗಿ ಕೇಸು ನಡೆಸಲಿಲ್ಲ ಎಂದು ಕಕ್ಷಿದಾರರೊಬ್ಬರು ನಷ್ಟಪರಿಹಾರದ ದಾವೆ ಹೂಡಿದ್ದರು. ದಾವೆ ನಡೆಯುತ್ತಿರುವಾಗಲೇ ತೀರಿಕೊಂಡರು. ಸುಪ್ರೀಂ ಕೋರ್ಟಿನ ಮುಂದಿದ್ದ ಪ್ರಶ್ನೆ, ವಕೀಲರು ತಪ್ಪು ಮಾಡಿದರೇ ಎಂಬುದಲ್ಲ; ಸತ್ತವರ ದಾವೆಯನ್ನು ವಾರಸುದಾರರು ಮುಂದುವರಿಸಬಹುದೇ ಎಂಬುದು. ಮೃತರ ವೈಯಕ್ತಿಕ ಹಾನಿಯ ಮೇಲೆ ನಿಂತಿದ್ದರೆ ದಾವೆ ಅವರೊಂದಿಗೇ ಮುಗಿಯುತ್ತದೆ, ಕರಾರಿನ ಉಲ್ಲಂಘನೆಯಿಂದ ಆಸ್ತಿಗಾದ ನಷ್ಟದ್ದಾದರೆ ಉಳಿಯುತ್ತದೆ, ಯಾವುದು ಎಂದು ಸಾಕ್ಷ್ಯ ನೋಡಿ ತೀರ್ಮಾನಿಸಿ ಎಂದು ಕೋರ್ಟು ಹೇಳಿತು. ಒಬ್ಬ ವಕೀಲರ ಮೇಲೆ ಕೇಸು ಹಾಕಲು ಇನ್ನೊಬ್ಬ ವಕೀಲರು ಬೇಕು, ಅದೂ ಅದೇ ಊರಿನ, ಅದೇ ಸಂಘದ ಸದಸ್ಯರು. ಆ ದಾರಿ ಎಷ್ಟು ಜನಕ್ಕೆ ನಡೆಯಲು ಬರುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಕಕ್ಷಿದಾರ ಎಚ್ಚರದಿಂದ ಇರಬೇಕಲ್ಲವೇ ಎಂದು ಕೇಳುವವರಿಗೆ ಒಂದು ಮಾತು. 1981ರಲ್ಲಿ ರಫೀಕ್ ಎಂಬ ಹೆಸರಿನ ಪ್ರಕರಣದಲ್ಲಿ, ವಕೀಲರ ಗೈರುಹಾಜರಿಯಿಂದ ಅಲಹಾಬಾದ್ ಹೈಕೋರ್ಟಿನಲ್ಲಿ ಮೇಲ್ಮನವಿ ಕಳೆದುಕೊಂಡವನ ಬೆನ್ನಿಗೆ ಸುಪ್ರೀಂ ಕೋರ್ಟು ನಿಂತಿತು. ವಕೀಲರನ್ನು ನೇಮಿಸಿ, ಕೇಳಿದ್ದನ್ನು ಕೊಟ್ಟ ಹಳ್ಳಿಯವನು ಇನ್ನೇನು ಮಾಡಬೇಕು, ವಕೀಲರ ಮೇಲೆ ಕಾವಲು ಕಾಯುವುದು ಅವನ ಕೆಲಸವೇ ಎಂಬುದು ನ್ಯಾಯಮೂರ್ತಿ ಡಿ.ಎ. ದೇಸಾಯಿ ಅವರ ವಾದದ ಸಾರ. 200 ರೂಪಾಯಿ ಖರ್ಚನ್ನು ಗೈರಾದ ವಕೀಲರಿಂದಲೇ ವಸೂಲು ಮಾಡಿ ಎಂದೂ ಆದೇಶಿಸಿದರು. 1993ರ ಹೊತ್ತಿಗೆ, ಇನ್ನೊಂದು ಪ್ರಕರಣದಲ್ಲಿ, ಇದು ಎಲ್ಲರಿಗೂ ಅನ್ವಯಿಸುವ ನಿಯಮವಲ್ಲ ಎಂದು ಕೋರ್ಟು ಹಿಂದೆ ಸರಿಯಿತು. ಅಲ್ಲಿದ್ದ ಕಕ್ಷಿದಾರ ಕಲ್ಕತ್ತೆಯ ಒಂದು ಖಾಸಗಿ ಕಂಪನಿ, ಹಳ್ಳಿಯ ರೈತನಲ್ಲ. 2024ರ ನವೆಂಬರಿನಲ್ಲಂತೂ, ಎಲ್ಲ ತಪ್ಪನ್ನು ವಕೀಲರ ತಲೆಗೆ ಕಟ್ಟಿ ವಿಳಂಬ ಮನ್ನಿಸಿ ಎಂದು ಕೇಳಲಾಗದು, ಕಕ್ಷಿದಾರನೂ ಜಾಗೃತನಾಗಿರಬೇಕು ಎಂದು ಮತ್ತೆ ಹೇಳಿತು. ವಿಳಂಬವನ್ನು ವಕೀಲರ ಮೇಲೆ ಹೊರಿಸಿ ಬಚಾವಾಗುವ ಕಕ್ಷಿದಾರರು ಇಲ್ಲವೆಂದಲ್ಲ. ಅಂಥವರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಮೇಲಿನ ಕೋರ್ಟು ಕಕ್ಷಿದಾರನ ಮೇಲೆ ಬಿಗಿಯಾದಷ್ಟೂ ಪರಿಷತ್ತು ವಕೀಲರ ಮೇಲೆ ಬಿಗಿಯಾಗಬೇಕು. ಎರಡೂ ಕಡೆ ಸಡಿಲವಾದರೆ ಕಕ್ಷಿದಾರ ಎಲ್ಲಿಗೂ ಸಲ್ಲದವನಾಗುತ್ತಾನೆ.

ಫೈಲು ಹಿಡಿದಿಟ್ಟುಕೊಳ್ಳುವ ಬಗ್ಗೆಯೂ ಒಂದೆರಡು ಮಾತು. ನಂಬಿಕೆ ಹೋದ ಕಕ್ಷಿದಾರ ಬೇರೆ ವಕೀಲರ ಬಳಿ ಹೋಗಬೇಕೆಂದರೆ ಕಾಗದಪತ್ರ ಬೇಕು. ‘ಬಾಕಿ ಫೀಸು ಕೊಡು, ಆಮೇಲೆ ಫೈಲು’ ಎನ್ನುವುದು ನಮ್ಮಲ್ಲಿ ಹಕ್ಕಿನ ಮಾತು ಎಂಬಂತೆ ಚಾಲ್ತಿಯಲ್ಲಿದೆ. 2000ದಲ್ಲಿ ಮಧ್ಯಪ್ರದೇಶ ರಾಜ್ಯ ಸಹಕಾರಿ ಬ್ಯಾಂಕಿನ ಕಾನೂನು ಸಲಹೆಗಾರರಾಗಿದ್ದ ಒಬ್ಬರು 97,100 ರೂಪಾಯಿ ಬಾಕಿ ಇದೆ ಎಂದು ಫೈಲು ಕೊಡದೆ ಕೂತಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಿತು: ಫೀಸಿಗಾಗಿ ಫೈಲು ಹಿಡಿದಿಡುವ ಹಕ್ಕು ವಕೀಲರಿಗೆ ಇಲ್ಲ, ಕೊಡದಿರುವುದು ದುರ್ನಡತೆ. ಫೀಸು ಬಾಕಿ ಇದ್ದರೆ ದಾವೆ ಹಾಕಿ ವಸೂಲು ಮಾಡಿಕೊಳ್ಳಿ. ಅಲಕ್ಷ್ಯ ಮಾಡಿದವರೇ ಫೈಲನ್ನೂ ಹಿಡಿದಿಟ್ಟರೆ, ಮುಚ್ಚಿಡುವುದು ಸಂಪೂರ್ಣವಾಯಿತು.

ಈಗ ದೂರಿನ ದಾರಿ. ಇದನ್ನು ಮುಖ್ಯವಾಗಿ ವಕೀಲರಲ್ಲದವರಿಗಾಗಿ ಹೇಳುತ್ತೇನೆ. ಈ ಉಪನ್ಯಾಸ ಪುಸ್ತಿಕೆಯಾಗಿ ಅವರ ಕೈಗೂ ಹೋಗುತ್ತದೆ. ರಾಜ್ಯ ಪರಿಷತ್ತಿಗೆ ಕೊಡುವ ದೂರು ಅರ್ಜಿಯ ರೂಪದಲ್ಲಿರಬೇಕು, ಸಹಿ ಮತ್ತು ಸತ್ಯಾಪನೆ ಇರಬೇಕು, ನಿಗದಿತ ಶುಲ್ಕ ಕಟ್ಟಬೇಕು. ಇಂಗ್ಲಿಷಿನಲ್ಲೇ ಇರಬೇಕೆಂದಿಲ್ಲ. ರಾಜ್ಯಭಾಷೆಯಲ್ಲಿ ಕೊಡಬಹುದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಕೇಸು ದೆಹಲಿಯಲ್ಲಿರುವ ಭಾರತೀಯ ಪರಿಷತ್ತಿಗೆ ಹೋಗುವುದಾದರೆ ಅನುವಾದಿಸುವ ಹೊಣೆ ರಾಜ್ಯ ಪರಿಷತ್ತಿನದು. ಕನ್ನಡದಲ್ಲೇ ಬರೆಯಿರಿ. ನಡುವೆ ವಕೀಲರು ಮನೆಗೆ ಬಂದು ರಾಜಿ ಮಾಡಿಕೊಂಡರೂ, ದೂರುದಾರ ದೂರು ಹಿಂತೆಗೆದುಕೊಂಡರೂ, ಅದೊಂದೇ ಕಾರಣಕ್ಕೆ ವಿಚಾರಣೆ ನಿಲ್ಲಬಾರದು ಎಂಬ ನಿಯಮವೂ ಇದೆ. ಈ ವಿಚಾರಣೆ ಇಬ್ಬರ ನಡುವಿನ ವ್ಯಾಜ್ಯ ಅಲ್ಲ ಎಂಬ ತಿಳಿವಳಿಕೆ ಅದರ ಹಿಂದಿದೆ.

ಸಮಯದ ಮಾತು ಬೇರೆ. ದೂರು ಬಂದ ಒಂದು ವರ್ಷದೊಳಗೆ ತೀರ್ಮಾನವಾಗಬೇಕು, ಇಲ್ಲದಿದ್ದರೆ ಅದು ಭಾರತೀಯ ಪರಿಷತ್ತಿಗೆ ವರ್ಗವಾಗಬೇಕು ಎಂದು 36ಬಿ ಕಲಮು ಹೇಳುತ್ತದೆ. ಆದದ್ದೇನು? ವರ್ಷ ತುಂಬುವವರೆಗೆ ಇಲ್ಲಿ ಕೂರುವುದು, ಆಮೇಲೆ ದೆಹಲಿಗೆ ಹೋಗಿ ಅಲ್ಲಿ ಕೂರುವುದು. ತಾಲ್ಲೂಕಿನ ಕಕ್ಷಿದಾರನಿಗೆ ದೆಹಲಿ ಎಂದರೆ ದೂರು ಮುಗಿದಂತೆಯೇ. 2021ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿಗಳಾದ ಎಂ.ಆರ್. ಷಾ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಇದನ್ನು ಗಂಭೀರವಾಗಿ ತೆಗೆದುಕೊಂಡು, ರಾಜ್ಯ ಪರಿಷತ್ತುಗಳು ಒಂದು ವರ್ಷದೊಳಗೇ ಮುಗಿಸಬೇಕು, ವರ್ಗವಾಗಿ ಬಂದವನ್ನು ಭಾರತೀಯ ಪರಿಷತ್ತೂ ಒಂದು ವರ್ಷದೊಳಗೆ ಮುಗಿಸಬೇಕು ಎಂದು ನಿರ್ದೇಶಿಸಿತು. ತನ್ನ ಕಕ್ಷಿದಾರನ ತಾರೀಕು ತಪ್ಪಿಸಿದ ವಕೀಲರನ್ನು ವಿಚಾರಿಸುವ ಸಮಿತಿಯೇ ತಾರೀಕಿನ ಮೇಲೆ ತಾರೀಕು ಕೊಡುವುದನ್ನು ನೋಡಿದರೆ ನಗು ಬರಬೇಕೋ ಅಳು ಬರಬೇಕೋ ತಿಳಿಯದು.

ಎಲ್ಲ ಹೊಣೆಯನ್ನು ವಕೀಲರ ಮೇಲೇ ಹಾಕುವುದು ನನ್ನ ಉದ್ದೇಶವಲ್ಲ. ಗೆದ್ದವನು ತನ್ನ ಪುಣ್ಯ ಎನ್ನುತ್ತಾನೆ, ಸೋತವನು ವಕೀಲರನ್ನು ಬೈಯುತ್ತಾನೆ. ಸೋತ ಮಾತ್ರಕ್ಕೆ ಅದು ವಕೀಲರ ಲೋಪವಾಗದು. ಎದುರು ಪಕ್ಷದವರು ಕೈವಾಡದಿಂದ ಹಾಕಿಸುವ ದೂರುಗಳೂ ಇವೆ. ಅದಕ್ಕೇ ನಾನು ಹೇಳಿದ ಅಳತೆಗೋಲು ವಕೀಲರಿಗೂ ಒಳ್ಳೆಯದು. ತಪ್ಪಾದ ಮೂರನೆಯ ದಿನ ಕಕ್ಷಿದಾರನಿಗೆ ಬರೆದ ಒಂದು ವಾಟ್ಸ್‌ಆ್ಯಪ್ ಸಂದೇಶ, 30 ದಿನದೊಳಗೆ ಹಾಕಿದ ಒಂದು ಅರ್ಜಿ ಇದ್ದರೆ, ಪ್ರಾಮಾಣಿಕರನ್ನು ಯಾವ ಸಮಿತಿಯೂ ಮುಟ್ಟಲಾರದು, ಮುಟ್ಟಬಾರದು.

ಇದಕ್ಕೆ ಒಂದು ನಿಯಮ ಬೇಕು. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲಿ ಕಕ್ಷಿದಾರನ ಹಣದ ಲೆಕ್ಕ ಇಡಬೇಕು ಎಂದಿದೆ, ಕೈಗೆತ್ತಿಕೊಂಡ ಕೇಸನ್ನು ಸಾಕಷ್ಟು ಕಾರಣ ಮತ್ತು ನೋಟಿಸು ಇಲ್ಲದೆ ಬಿಡಬಾರದು ಎಂದಿದೆ. ಕೇಸು ಯಾವ ಹಂತದಲ್ಲಿದೆ ಎಂದು ಕಾಲಕಾಲಕ್ಕೆ ತಿಳಿಸಬೇಕು, ಕೇಸಿಗೆ ಧಕ್ಕೆ ಬಂದರೆ ಕೂಡಲೇ ಬರಹದಲ್ಲಿ ತಿಳಿಸಬೇಕು ಎಂಬ ನೇರವಾದ ನಿಯಮ ಅಲ್ಲಿ ಸೇರಬೇಕು. ಅಮೆರಿಕದ ವಕೀಲರ ಸಂಘ 1983ರಲ್ಲಿ ಒಪ್ಪಿಕೊಂಡ ಮಾದರಿ ನಿಯಮಗಳಲ್ಲಿ ಶ್ರದ್ಧೆಗೆ ಒಂದು ನಿಯಮ, ಕಕ್ಷಿದಾರನಿಗೆ ತಿಳಿಸುವುದಕ್ಕೇ ಮತ್ತೊಂದು ನಿಯಮ ಇದೆ. ಇಂಗ್ಲೆಂಡಿನಲ್ಲಿ ಸಾಲಿಸಿಟರುಗಳಿಗೆ ವೃತ್ತಿ ವಿಮೆ ಕಡ್ಡಾಯ. ತಪ್ಪಾದರೆ ಕಕ್ಷಿದಾರನಿಗೆ ವಿಮೆಯ ಹಣ ಸಿಗುತ್ತದೆ, ವಕೀಲರ ಮನೆ ಹರಾಜಾಗುವುದಿಲ್ಲ. ಹಣದ ಭಯ ಇಲ್ಲದವರು ತಪ್ಪನ್ನು ಬೇಗ ಹೇಳುತ್ತಾರೆ. ಪ್ರತಿ ವಕಾಲತ್ತಿಗೂ ವಕೀಲರ ಕಲ್ಯಾಣನಿಧಿಯ ಸ್ಟಾಂಪು ಅಂಟಿಸಿ ನಮ್ಮ ಕ್ಷೇಮ ನೋಡಿಕೊಳ್ಳುತ್ತೇವೆ. ಅದರ ಪಕ್ಕದಲ್ಲಿ ಕಕ್ಷಿದಾರನಿಗಾಗಿ ಒಂದು ಸಣ್ಣ ಸ್ಟಾಂಪು ಅಂಟಿಸಲು ನಮ್ಮ ಕೈ ಏಕೆ ಬರಬಾರದು?

ಕಕ್ಷಿದಾರರೇ, ಇ-ಕೋರ್ಟ್ಸ್ ಆ್ಯಪಿನಲ್ಲಿ ನಿಮ್ಮ ಕೇಸಿನ ಅಕ್ಷರ, ಅಂಕಿ ಸೇರಿ 16 ಸ್ಥಾನಗಳ ಸಿಎನ್‌ಆರ್ ನಂಬರು ಹಾಕಿದರೆ ಮುಂದಿನ ತಾರೀಕು, ಹಿಂದಿನ ಆದೇಶ ಎಲ್ಲವೂ ಕಾಣುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ತಿಂಗಳಿಗೊಮ್ಮೆ ನೋಡಿಸಿಕೊಳ್ಳಿ. ವಕೀಲರಿಗೆ ಕೊಟ್ಟ ಹಣಕ್ಕೆ ರಸೀದಿ ಕೇಳಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಹಾಗೆ ಕೊಟ್ಟ ಖಾಲಿ ಕಾಗದವನ್ನು ಬಳಸಿ ಸುಳ್ಳು ರಾಜಿ ಅರ್ಜಿ ತಯಾರಿಸಿದ ಪ್ರಕರಣ ರಾಜಸ್ಥಾನದಲ್ಲಿ ನಡೆದಿದೆ, ಅಲ್ಲಿನ ವಕೀಲರು ಐದು ವರ್ಷ ಅಮಾನತಾಗಿದ್ದಾರೆ.

ಕೊನೆಯದಾಗಿ ರಾಜ್ಯ ವಕೀಲರ ಪರಿಷತ್ತಿಗೆ ಒಂದು ಕೋರಿಕೆ. ಪ್ರತಿ ವರ್ಷ ಎಷ್ಟು ದೂರು ಬಂದವು, ಎಷ್ಟು ಒಂದು ವರ್ಷದೊಳಗೆ ಮುಗಿದವು, ಎಷ್ಟರಲ್ಲಿ ಶಿಕ್ಷೆಯಾಯಿತು, ಯಾವ ಕಾರಣಕ್ಕೆ ಎಂಬುದನ್ನು ಕನ್ನಡದಲ್ಲಿ ಪ್ರಕಟಿಸಬೇಕು. ವಕೀಲರ ಹೆಸರು ಬೇಡವೆಂದರೆ ಬಿಡಿ, ಕಾರಣ ಇರಲಿ. ಪ್ರತಿ ತಾಲ್ಲೂಕಿನ ವಕೀಲರ ಸಂಘದ ನೋಟಿಸ್ ಬೋರ್ಡಿನಲ್ಲಿ ಅದನ್ನು ಅಂಟಿಸಬೇಕು. ಇದಕ್ಕೆ ಕಾಯ್ದೆಗೆ ತಿದ್ದುಪಡಿ ಬೇಕಿಲ್ಲ, ಸರ್ಕಾರದ ಅನುದಾನವೂ ಬೇಕಿಲ್ಲ. ಪರಿಷತ್ತಿನ ಒಂದು ನಿರ್ಣಯ ಸಾಕು. ಈ ವರ್ಷವೇ ಆಗಲಿ.